ಮೂರು ಹಸು, ಒಂದು ಕಡಸು, ಒಂದು ಕರು: ಹುಲ್ಲನ್ನು ರೋಲ್ ಮಾಡಿಸೋದಾ, ಕೊಳ್ಳೋದಾ, ಮೆದೆ ಒಟ್ಟೋದಾ?

ಸುಗ್ಗಿ ಮುಗಿಯುತ್ತಾ ಬಂದಂತೆ ನಮ್ಮ ನಾಗಮಂಗಲ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. "ಈ ಸಲ ಹುಲ್ಲು ಏನ್ ಮಾಡಿದ್ರಿ?" ಮೊದಲು ಇದಕ್ಕೆ ಇದ್ದದ್ದು ಒಂದೇ ಉತ್ತರ, ಮೆದೆ ಒಟ್ಟಿದ್ವಿ ಅಂತ. ಈಗ ಒಬ್ಬ ರೋಲ್ ಮಾಡಿಸಿದೆ ಅನ್ನುತ್ತಾನೆ. ಇನ್ನೊಬ್ಬ ಮದ್ದೂರು ಕಡೆಯಿಂದ ಲೋಡ್ ತರಿಸಿದೆ ಅನ್ನುತ್ತಾನೆ. ಮತ್ತೊಬ್ಬ ಹುಲ್ಲನ್ನು ಸುತ್ತಿ ರೋಲ್ ಮಾಡುವ ಬೇಲರ್ ಯಂತ್ರವನ್ನೇ ತಗೊಂಡುಬಿಡೋಣ ಅಂತ ಬ್ಯಾಂಕಿಗೆ ಓಡಾಡುತ್ತಿರುತ್ತಾನೆ.

ಐದಾರು ದನ ಕಟ್ಟಿಕೊಂಡವರು ಇದರಲ್ಲಿ ಯಾವ ದಾರಿ ಹಿಡಿಯಬೇಕು ಅನ್ನೋದನ್ನು ಲೆಕ್ಕ ಹಾಕಿ ತೀರ್ಮಾನಿಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಇಲ್ಲಿರುವ ದರಗಳೆಲ್ಲ ಲೆಕ್ಕ ತೋರಿಸಲು ಹಿಡಿದುಕೊಂಡವು. ತಾಲ್ಲೂಕಿನಿಂದ ತಾಲ್ಲೂಕಿಗೆ, ವರ್ಷದಿಂದ ವರ್ಷಕ್ಕೆ ಅವು ಬದಲಾಗುತ್ತವೆ. ನಿಮ್ಮೂರಿನ ದರ ಹಾಕಿ ಮತ್ತೆ ಗುಣಿಸಿಕೊಳ್ಳಿ.

ಮೊದಲು ನಿಮ್ಮ ಕೊಟ್ಟಿಗೆಗೆ ಎಷ್ಟು ಬೇಕು?

ಹೆಚ್ಚಿನವರು ಇಲ್ಲೇ ಎಡವುತ್ತಾರೆ. "ನನಗೆ 400 ರೋಲ್ ಬೇಕು" ಅನ್ನುತ್ತಾರೆ. ರೋಲ್ ಅನ್ನೋದು ಅಳತೆಯೇ ಅಲ್ಲ. ಒಂದು ರೋಲ್ 14 ಕೆಜಿ ಇರಬಹುದು, 22 ಕೆಜಿಯೂ ಇರಬಹುದು. ಹಸು ತಿನ್ನುವುದು ಕೆಜಿ ಲೆಕ್ಕದಲ್ಲಿ. ನಮ್ಮ ಲೆಕ್ಕವೂ ಅದರಲ್ಲೇ ನಡೆಯಲಿ.

400 ಕೆಜಿ ತೂಗುವ ಮಿಶ್ರತಳಿ ಹಸುವಿಗೆ ದಿನಕ್ಕೆ 10ರಿಂದ 12 ಕೆಜಿ ಒಣ ಅಂಶ ಬೇಕು. ಅಂದರೆ ಮೇವಿನಲ್ಲಿರುವ ನೀರು ಬಿಟ್ಟು ಉಳಿಯುವ ತೂಕ. ಇದರಲ್ಲಿ ಸುಮಾರು ಮೂರನೇ ಒಂದು ಭಾಗ ಹಿಂಡಿ, ಬೂಸಾದಿಂದ ಬರುತ್ತದೆ. ಉಳಿದದ್ದು ಹಸಿರು ಮೇವು ಮತ್ತು ಒಣ ಹುಲ್ಲು. ದಿನಕ್ಕೆ 20 ಕೆಜಿ ಹಸಿರು ಮೇವು ಹಾಕುವ ಮನೆಯಲ್ಲಿ ಹಸುವೊಂದಕ್ಕೆ 5ರಿಂದ 6 ಕೆಜಿ ಒಣ ಹುಲ್ಲು ಸಾಕಾಗುತ್ತದೆ.

ನಮ್ಮ ಕೊಟ್ಟಿಗೆಯ ಲೆಕ್ಕವನ್ನೇ ನೋಡಿ. ಮೂರು ಹಸುವಿಗೆ 18 ಕೆಜಿ, ಕಡಸಿಗೆ 4 ಕೆಜಿ, ಕರುವಿಗೆ 1 ಕೆಜಿ. ದಿನಕ್ಕೆ ಒಟ್ಟು 23 ಕೆಜಿ. ಜುಲೈನಿಂದ ನವೆಂಬರ್‌ವರೆಗೆ ಬದುವಿನ ಹುಲ್ಲು, ನೇಪಿಯರ್ ಅನ್ನೋ ಎತ್ತರ ಬೆಳೆಯುವ ಮೇವಿನ ಹುಲ್ಲು ಎಲ್ಲ ಜಾಸ್ತಿ ಸಿಗುತ್ತದೆ. ಆ 150 ದಿನ 15 ಕೆಜಿಯಲ್ಲೇ ನಡೆಯುತ್ತದೆ, ಅಂದರೆ 2,250 ಕೆಜಿ. ಉಳಿದ 215 ದಿನಕ್ಕೆ 4,945 ಕೆಜಿ. ಎರಡೂ ಸೇರಿ 7,200 ಕೆಜಿ ಹತ್ತಿರ. ಕಾಲ ಕೆಳಗೆ ತುಳಿದು ಹಾಳಾಗುವುದು, ತಳದಲ್ಲಿ ಕೊಳೆಯುವುದು ಎಲ್ಲ ಸೇರಿಸಿ ಶೇ. 10 ಜಾಸ್ತಿ ಹಿಡಿದರೆ ಸುಮಾರು 8 ಟನ್.

ಈ 8 ಟನ್‌ಗೆ 22 ಕೆಜಿಯ ರೋಲ್ ಆದರೆ 364 ಸಾಕು. 14 ಕೆಜಿಯದ್ದಾದರೆ 571 ಬೇಕು. ರೋಲ್ ಎಣಿಸಿ ವ್ಯಾಪಾರ ಮಾಡಿದರೆ ಏನಾಗುತ್ತದೆ ಅಂತ ಗೊತ್ತಾಯಿತಲ್ವಾ?

ನಿಮ್ಮ ಹೊಲ ಎಷ್ಟು ಕೊಡುತ್ತದೆ?

ಭತ್ತದಲ್ಲಿ ಕಾಳಿನಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಹುಲ್ಲು ಬರುತ್ತದೆ. ಕುಡುಗೋಲಿನಲ್ಲಿ ಬುಡಕ್ಕೆ ಕೊಯ್ದರೆ ಎಕರೆಗೆ 2 ಟನ್ ದಾಟುತ್ತದೆ. ಕಟಾವು ಯಂತ್ರ ಬಿಟ್ಟರೆ ಹಾಗಲ್ಲ. ಅದು ಒಂದಡಿಗೂ ಮೇಲೆ ಕೊಯ್ಯುತ್ತದೆ, ಕೂಳೆ ಹೊಲದಲ್ಲೇ ಉಳಿಯುತ್ತದೆ. ಚಕ್ರದ ಕೆಳಗೆ ಸಿಕ್ಕಿದ ಹುಲ್ಲು ಕೆಸರಿಗೆ ಸೇರುತ್ತದೆ. ಕೊನೆಗೆ ಕೈಗೆ ಸಿಗುವುದು ಎಕರೆಗೆ ಒಂದು ಟನ್ ಆಸುಪಾಸು. ಮಳೆಯಾಶ್ರಿತ ರಾಗಿ ಒಳ್ಳೆ ವರ್ಷದಲ್ಲಿ ಎಕರೆಗೆ ಒಂದೂವರೆ ಟನ್ ಹುಲ್ಲು ಕೊಡುತ್ತದೆ ಅಂತ ಹಿಡಿಯಬಹುದು.

ಎರಡು ಎಕರೆ ರಾಗಿ, ಒಂದು ಎಕರೆ ಭತ್ತ ಇರುವ ಮನೆಗೆ ಹೀಗೆ 4 ಟನ್ ಆಯಿತು. ಬೇಕಾದದ್ದು 8 ಟನ್. ನಮ್ಮ ಹುಲ್ಲನ್ನೆಲ್ಲ ಎಷ್ಟೇ ಚೆಂದ ಸುತ್ತಿಸಿದರೂ ಇನ್ನರ್ಧ ಹೊರಗಿಂದ ಬರಲೇಬೇಕು. ಸ್ವಂತ ಹುಲ್ಲು ಇದೆ, ನಮಗೇನು ಅಂತ ನೆಮ್ಮದಿಯಾಗಿ ಕೂತವರು ಮಾರ್ಚ್ ತಿಂಗಳಲ್ಲಿ ಒಂದಕ್ಕೆ ಎರಡು ಕೊಟ್ಟು ತರುವುದನ್ನು ನಾನು ನೋಡಿದ್ದೇನೆ. ನಾವೂ ಒಂದು ವರ್ಷ ಹಾಗೇ ತಂದೆವು.

ರಾಗಿ ಹುಲ್ಲನ್ನೂ ಭತ್ತದ ಹುಲ್ಲನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎರಡರಲ್ಲೂ ಸಾರ ಕಡಿಮೆಯೇ, ಪ್ರೋಟೀನ್ ಶೇ. 3–4ರ ಸುತ್ತ. ಆದರೆ ರಾಗಿ ಹುಲ್ಲು ಚೆನ್ನಾಗಿ ಜೀರ್ಣವಾಗುತ್ತದೆ, ಅದರಲ್ಲಿ ಸುಣ್ಣದಂಶವೂ ಜಾಸ್ತಿ. ಭತ್ತದ ಹುಲ್ಲಿನಲ್ಲಿ ಸಿಲಿಕಾ, ಅಂದರೆ ಮರಳಿನಂಥ ಅಂಶ, ತುಂಬಿರುತ್ತದೆ. ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟು ಹಸುವಿಗೆ ಸಿಗದ ಹಾಗೆ ಮಾಡುತ್ತದೆ. ಬರೀ ಭತ್ತದ ಹುಲ್ಲು ತಿನ್ನಿಸುವವರು ಖನಿಜ ಮಿಶ್ರಣ ಬಿಡಬಾರದು. ಅದಕ್ಕೇ ನಮ್ಮ ಹಿರಿಯರು ರಾಗಿ ಹುಲ್ಲನ್ನು ಹಾಲು ಕರೆಯುವ ಹಸುವಿಗೆ ಅಂತ ಬೇರೆ ಎತ್ತಿಡುತ್ತಿದ್ದರು. ರಾಗಿ ಹುಲ್ಲು ಕೆಜಿಗೆ ಒಂದು ರೂಪಾಯಿ ಜಾಸ್ತಿ ಆದರೂ ನಾನು ಅದನ್ನೇ ತರುತ್ತೇನೆ.

ಬೇಲರ್ ಮಾಡುವ ಕೆಲಸ ನಿಜವಾಗಿ ಯಾವುದು?

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ತೀರ್ಮಾನ ಆದಂತೆ. ಬೇಲರ್ ಅಂದರೆ ಹುಲ್ಲು ಕಟ್ಟುವ ಯಂತ್ರ ಅಂದುಕೊಳ್ಳುತ್ತೇವೆ. ಕಟ್ಟುವುದು ಅದರ ಚಿಕ್ಕ ಕೆಲಸ. ಹರಡಿ ಬಿದ್ದ ಹುಲ್ಲನ್ನು ನೆಲದಿಂದ ಬಾಚಿ ಎತ್ತುವುದೇ ದೊಡ್ಡ ಕೆಲಸ.

ಹಾಗಾಗಿ ನೋಡಬೇಕಾದದ್ದು ಬೆಳೆ ಕೊಯ್ದದ್ದು ಹೇಗೆ ಅನ್ನೋದು. ಕೈಯಲ್ಲಿ ಕೊಯ್ದು, ಹೊರೆ ಕಟ್ಟಿ, ಕಣಕ್ಕೆ ತಂದು ಒಕ್ಕಿದರೆ ಹುಲ್ಲು ಆಗಲೇ ಒಂದು ಕಡೆ ಸೇರಿರುತ್ತದೆ. ಅಲ್ಲಿ ಬೇಲರ್‌ಗೆ ಬಾಚುವ ಕೆಲಸವೇ ಇಲ್ಲ. ಮೆದೆ ಒಟ್ಟಲು ಬರುವ ಇಬ್ಬರು ಸಿಕ್ಕರೆ ಅದೇ ಸಲೀಸು. ಕಟಾವು ಯಂತ್ರ ಬಿಟ್ಟ ಹೊಲ ಹಾಗಲ್ಲ. ಅಲ್ಲಿ ಹುಲ್ಲು ಉದ್ದಕ್ಕೂ ಸಾಲಾಗಿ ಬಿದ್ದಿರುತ್ತದೆ. ಆಳು ಬಿಟ್ಟು ಬಾಚಿಸಿ ಹೊರೆ ಕಟ್ಟಿಸುವ ಕೂಲಿಯಲ್ಲಿ ಹುಲ್ಲನ್ನೇ ಕೊಳ್ಳಬಹುದು. ಅಲ್ಲಿ ಬೇಲರ್ ಬಿಡಿ.

ಕೈಕೊಯ್ಲಿಗೆ ಮೆದೆ, ಯಂತ್ರದ ಕೊಯ್ಲಿಗೆ ರೋಲ್. ನಮ್ಮ ಮನೆಯಲ್ಲಿ ಈಗ ರಾಗಿಗೆ ಒಂದು ದಾರಿ, ಭತ್ತಕ್ಕೆ ಇನ್ನೊಂದು.

ಕಣದ ಪಕ್ಕ ಬೇಲರ್ ನಿಲ್ಲಿಸಿ, ಕವೆಗೋಲಿನಲ್ಲೋ ಕೈಯಲ್ಲೋ ಹುಲ್ಲು ತುರುಕಿ ಸುತ್ತಿಸುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಆ ಹಲ್ಲುಗಳು ಹುಲ್ಲನ್ನು ಎಳೆದುಕೊಳ್ಳುವ ವೇಗಕ್ಕೆ ಕೈ ಹಿಂದೆ ತೆಗೆಯಲು ಆಗುವುದಿಲ್ಲ. ಟ್ರ್ಯಾಕ್ಟರ್‌ನಿಂದ ಬೇಲರ್‌ಗೆ ಹೋಗುವ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತಿರುತ್ತದೆ. ಹೆಗಲ ಮೇಲಿನ ಟವೆಲ್, ಲುಂಗಿಯ ತುದಿ, ಸೀರೆಯ ಸೆರಗು ಯಾವುದು ಸಿಕ್ಕಿದರೂ ಆಳನ್ನು ಸೇರಿಸಿ ಸುತ್ತಿಬಿಡುತ್ತದೆ. ಹುಲ್ಲು ಸಿಕ್ಕಿಕೊಂಡರೆ ಮೊದಲು ಎಂಜಿನ್ ಆರಿಸಬೇಕು, ಆಮೇಲೆ ಕೈ ಹಾಕಬೇಕು. ಆಪರೇಟರ್ ಅವಸರ ಮಾಡಿದರೆ ನೀವೇ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ.

ನಾಲ್ಕು ದಾರಿಯ ಲೆಕ್ಕ

ಮೆದೆ: ದೊಡ್ಡ ಲಾಭ ಅಂದರೆ ಚಾವಣಿ ಬೇಡ. ಕಲ್ಲು, ಕಟ್ಟಿಗೆ ಹಾಸಿ ನೆಲದಿಂದ ಒಂದಡಿ ಎತ್ತರದ ತಳ ಮಾಡಿ, ನೆತ್ತಿ ಕೂರಿಸಿ ಚೆನ್ನಾಗಿ ಒಟ್ಟಿದ ಮೆದೆಯಲ್ಲಿ ನೀರು ಮೇಲಿಂದ ಜಾರಿ ಹೋಗುತ್ತದೆ. ಎರಡು ಮಳೆಗಾಲ ಕಳೆದ ರಾಗಿ ಹುಲ್ಲಿನ ಮೆದೆ ಬಿಚ್ಚಿದಾಗ ಒಳಗೆ ಹೊನ್ನಿನ ಬಣ್ಣ ಇರುವುದನ್ನು ಕಂಡಿದ್ದೇನೆ. ರೋಲ್ ಹಾಗಲ್ಲ, ಬಯಲಲ್ಲಿ ಬಿಟ್ಟರೆ ಮಳೆ ನೀರನ್ನು ಹೀರಿಕೊಂಡು ಕೊಳೆಯುತ್ತದೆ. ತೊಂದರೆ ಏನೆಂದರೆ, ನೆತ್ತಿ ಕೂರಿಸಲು ಬರುವವರು ಈಗ ಊರಿಗೆ ಒಬ್ಬರೋ ಇಬ್ಬರೋ, ಅವರಿಗೂ ವಯಸ್ಸಾಗಿದೆ. ನೆತ್ತಿ ಸರಿ ಇಲ್ಲದ ಮೆದೆಗೆ ನಡುವಿನಿಂದಲೇ ನೀರು ಇಳಿಯುತ್ತದೆ.

ಬಾಡಿಗೆ ಬೇಲರ್: ರೋಲ್‌ಗೆ 35 ರೂಪಾಯಿ ಅಂತ ಹಿಡಿಯೋಣ. 18 ಕೆಜಿ ರೋಲ್ ಆದರೆ ಕೆಜಿಗೆ 1.94 ರೂ. ಹೊಲದಿಂದ ಮನೆಗೆ ಸಾಗಿಸಿ ಜೋಡಿಸಲು ರೋಲ್‌ಗೆ 10 ರೂ., ಅಂದರೆ ಕೆಜಿಗೆ 56 ಪೈಸೆ. ಇನ್ನೊಂದು ಖರ್ಚನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಹುಲ್ಲು ಪುಕ್ಕಟೆ ಅಲ್ಲ. ಹೊಲದಲ್ಲಿ ಬಿದ್ದ ಹುಲ್ಲನ್ನು ಎಕರೆಗೆ 1,500 ರೂಪಾಯಿ ಕೊಟ್ಟು ಎತ್ತಿಕೊಂಡು ಹೋಗುವವರು ಇದ್ದರೆ, ಒಂದು ಟನ್ನಿಗೆ ಕೆಜಿಗೆ ಒಂದೂವರೆ ರೂಪಾಯಿ ನಮ್ಮ ಜೇಬಿನಿಂದಲೇ ಹೋದ ಹಾಗೆ. ಎಲ್ಲ ಸೇರಿ ಕೆಜಿಗೆ 4 ರೂ.

ಕೊಳ್ಳುವುದು: ಮನೆ ಬಾಗಿಲಿಗೆ ಬಂದ ರೋಲ್ 120 ರೂಪಾಯಿ ಅಂದುಕೊಳ್ಳಿ. 18 ಕೆಜಿ ಇದ್ದರೆ ಕೆಜಿಗೆ 6.67 ರೂ. ಅದೇ ರೋಲ್ 14 ಕೆಜಿ ಇದ್ದರೆ 8.57 ರೂ. ಬಾಡಿಗೆ ಬೇಲರ್‌ನಲ್ಲಿ 4 ಟನ್ ಸುತ್ತಿಸಿಕೊಂಡರೆ ಕೊಳ್ಳುವುದಕ್ಕಿಂತ ಹತ್ತು ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ಚಾವಣಿ ಮೊದಲೇ ಇದ್ದರೆ ಮಾತ್ರ ಈ ಮಾತು.

ಸ್ವಂತ ಬೇಲರ್: ಈ ಆಸೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 35 ಎಚ್‌ಪಿ ಟ್ರ್ಯಾಕ್ಟರ್ ಎಳೆಯುವ ಮಿನಿ ರೌಂಡ್ ಬೇಲರ್‌ಗೆ 3,80,000 ರೂಪಾಯಿ ಅಂತ ಹಿಡಿಯೋಣ. ಎಂಟು ವರ್ಷ ಓಡಿಸಿ 80,000ಕ್ಕೆ ಮಾರಿದರೆ ಸವಕಳಿ ವರ್ಷಕ್ಕೆ 37,500. ಕೊಂಡ ಬೆಲೆ, ಮಾರುವ ಬೆಲೆ ಎರಡರ ಸರಾಸರಿ 2,30,000 ರೂಪಾಯಿ ಮೇಲೆ ಶೇ. 10ರ ಬಡ್ಡಿ 23,000. ಬೇರಿಂಗ್, ಚೈನ್, ಹಲ್ಲು, ಗ್ರೀಸ್ ಅಂತ ರಿಪೇರಿ 15,000. ಒಂದು ರೋಲ್ ಸುತ್ತದಿದ್ದರೂ ವರ್ಷಕ್ಕೆ 75,500 ಖರ್ಚು. ಡೀಸೆಲ್, ದಾರ, ಡ್ರೈವರ್ ಸೇರಿ ರೋಲ್‌ಗೆ 15 ರೂಪಾಯಿ ಬೀಳುತ್ತದೆ ಅಂದರೆ, 35ರ ಬಾಡಿಗೆಗೆ ಹೋಲಿಸಿದಾಗ ಉಳಿಯುವುದು 20. 75,500ನ್ನು 20ರಿಂದ ಭಾಗಿಸಿ. ವರ್ಷಕ್ಕೆ 3,775 ರೋಲ್ ಸುತ್ತಿದರೆ ಅಸಲಿಗೆ ಬಂತು. ನಮಗೆ ಬೇಕಾದದ್ದು 18 ಕೆಜಿ ಲೆಕ್ಕದಲ್ಲಿ 445. ಮಿಕ್ಕದ್ದೆಲ್ಲ ಬೇರೆಯವರ ಹೊಲದಲ್ಲಿ.

ಸಬ್ಸಿಡಿ ಇದೆಯಲ್ಲ ಅನ್ನಬಹುದು. ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯವಾಗಿ ಶೇ. 40ರಿಂದ 50ರವರೆಗೆ ಸಹಾಯಧನ ಇರುತ್ತದೆ. ಸಣ್ಣ ರೈತರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಹೆಚ್ಚು ಪಾಲು. ಆ ವರ್ಷ ಯಾವ ಯಂತ್ರಕ್ಕೆ ಎಷ್ಟು ಮಿತಿ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅರ್ಧ ಬೆಲೆಗೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗಲೂ ಇದೇ ಲೆಕ್ಕದಲ್ಲಿ ವರ್ಷಕ್ಕೆ 2,100 ರೋಲ್ ದಾಟಬೇಕು. ನಮಗೆ ಬೇಕಾದದ್ದರ ಹೆಚ್ಚುಕಮ್ಮಿ ಐದರಷ್ಟು.

ಎಕರೆಗೆ 50 ರೋಲ್, ಬಿಸಿಲಿನ ಹೊತ್ತು ದಿನಕ್ಕೆ ಆರು ಗಂಟೆ, ಗಂಟೆಗೆ 40 ರೋಲ್ ಅಂದರೆ 3,775 ರೋಲ್‌ಗೆ 75 ಎಕರೆ, 16 ದಿನದ ಕೆಲಸ. ಕಾಲುವೆ ಬಯಲಿನಲ್ಲಿ ಮನೆ ಇದ್ದು, ಟ್ರ್ಯಾಕ್ಟರೂ ಇದ್ದು, ಓಡಿಸಲು ಮಗನೋ ತಮ್ಮನೋ ಇದ್ದರೆ ಆಗದ ಮಾತಲ್ಲ. ಆದರೆ ಅದು ಬೇಲರ್ ವ್ಯಾಪಾರ, ಹಸು ಸಾಕುವುದಲ್ಲ. ಭತ್ತದ ಕಟಾವು ಇಡೀ ಬಯಲಿಗೆ ಒಟ್ಟಿಗೇ ಬರುತ್ತದೆ. ಆ 16 ದಿನ ನೀವು ಊರೂರು ತಿರುಗುತ್ತಿದ್ದರೆ ಬೆಳಗ್ಗೆ, ಸಂಜೆ ಹಾಲು ಕರೆಯುವವರು ಯಾರು? ನನ್ನ ಮಟ್ಟಿಗೆ, ಹತ್ತು ದನದೊಳಗಿನವರು ಬೇಲರ್ ಕೊಳ್ಳುವ ಮಾತೇ ಎತ್ತಬಾರದು.

ಬಾಡಿಗೆಗೆ ಕರೆಯುವ ಮೊದಲು

ಕಟಾವಿಗೆ ಮುಂಚೆಯೇ ಬೇಲರ್ ಗೊತ್ತು ಮಾಡಿ. ಯಂತ್ರ ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ ಇಲ್ಲದಿದ್ದರೆ ಖಾಸಗಿಯವರು ಇದ್ದೇ ಇರುತ್ತಾರೆ. ಒಂದು ಎಕರೆಗೆ ಅಂತ ಯಾರೂ ಬರುವುದಿಲ್ಲ. ಅಕ್ಕಪಕ್ಕದ ನಾಲ್ಕೈದು ಹೊಲದವರು ಸೇರಿ ಒಂದೇ ದಿನಕ್ಕೆ ಕರೆದರೆ ಬರುತ್ತಾರೆ, ದರದಲ್ಲೂ ಮಾತಾಡಬಹುದು. ಪಕ್ಕದ ಹೊಲದವರಿಗೆ ದನ ಇಲ್ಲದಿದ್ದರೆ ಅವರ ಹುಲ್ಲನ್ನು ಅಲ್ಲೇ ಮಾತಾಡಿಕೊಳ್ಳಿ. ನಮ್ಮ ಕೊರತೆಯ 4 ಟನ್ ತುಂಬಿಕೊಳ್ಳಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ಒಂದು ಮಾತು ಕೇಳಿಕೊಳ್ಳಿ, ಕೊಯ್ಲಿಗೆ ಮುಂಚೆ ಔಷಧಿ ಹೊಡೆದದ್ದು ಯಾವಾಗ ಅಂತ. ಮೊನ್ನೆ ಮೊನ್ನೆ ಹೊಡೆದಿದ್ದರೆ ಆ ಹುಲ್ಲು ಬೇಡ.

ದಾರಿ ನೋಡಿ. ಟ್ರ್ಯಾಕ್ಟರ್ ಹಿಂದೆ ಬೇಲರ್ ಸಿಕ್ಕಿಸಿದರೆ ತಿರುಗಲು ಜಾಸ್ತಿ ಜಾಗ ಬೇಕು. ತೆಂಗಿನ ಮರದ ನಡುವೆ, ಎತ್ತರ ಬದುವಿನ ಚಿಕ್ಕ ಗದ್ದೆಗಳಲ್ಲಿ ಅರ್ಧ ಹೊತ್ತು ತಿರುಗುವುದರಲ್ಲೇ ಹೋಗುತ್ತದೆ.

ಕಟಾವು ಯಂತ್ರದವನಿಗೆ ಎರಡು ಮಾತು ಮೊದಲೇ ಹೇಳಿ. ಆದಷ್ಟು ತಗ್ಗಿಸಿ ಕೊಯ್ಯಲಿ. ಹುಲ್ಲು ಕತ್ತರಿಸಿ ಎರಚುವ ಸಾಧನ ಇದ್ದರೆ ಅದನ್ನು ಬಂದ್ ಮಾಡಿ ಸಾಲಾಗಿ ಬೀಳಿಸಲಿ. ಎರಚಿದ ಹುಲ್ಲನ್ನು ಬೇಲರ್ ಎತ್ತುವುದಿಲ್ಲ, ಎತ್ತಿದರೂ ಮಣ್ಣು ಸೇರಿಸಿ ಎತ್ತುತ್ತದೆ. ಮಣ್ಣಿನ ಹುಲ್ಲನ್ನು ಹಸು ಮೂಸಿ ಬಿಟ್ಟುಬಿಡುತ್ತದೆ.

ಬೇಲರ್‌ನವರ ಜೊತೆ ಬಾಯಿಮಾತು ಸಾಲದು, ತಕ್ಕಡಿ ಮುಂದೆ ಮಾತಾಡಿ. ಅವರಿಗೆ ರೋಲ್ ಲೆಕ್ಕದಲ್ಲಿ ದುಡ್ಡು. ಸಡಿಲ ಸುತ್ತಿದಷ್ಟೂ ರೋಲ್ ಜಾಸ್ತಿ, ಅವರಿಗೆ ಲಾಭ. ನಮಗೆ ಬಿಗಿ ಸುತ್ತಿದಷ್ಟೂ ಲಾಭ. ಕೊಕ್ಕೆ ಹಾಕಿ ನೇತುಹಾಕುವ ಡಿಜಿಟಲ್ ತಕ್ಕಡಿ ಒಂದು ಇಟ್ಟುಕೊಳ್ಳಿ. ಮೊದಲ ಐದು ರೋಲ್ ತೂಕ ಹಾಕಿ. ಕಡಿಮೆ ಬಂದರೆ ಬಿಗಿ ಹೆಚ್ಚಿಸಲು ಹೇಳಿ, ಅದಕ್ಕೆ ಯಂತ್ರದಲ್ಲೇ ವ್ಯವಸ್ಥೆ ಇರುತ್ತದೆ. ದಾರ ಯಾರದ್ದು, ದಾರಿ ಖರ್ಚು ಯಾರದ್ದು, ಬಿಚ್ಚಿಹೋದ ರೋಲ್ ಎಣಿಕೆಗೆ ಬರುತ್ತದಾ, ಇದೆಲ್ಲ ಎಂಜಿನ್ ಸ್ಟಾರ್ಟ್ ಆಗುವ ಮೊದಲೇ ತೀರ್ಮಾನ ಆಗಲಿ.

ಹುಲ್ಲು ಒಣಗಿದೆಯಾ? ಇದೊಂದೇ ಪರೀಕ್ಷೆ

ನಾನು ಮೊದಲ ವರ್ಷ ಸೋತದ್ದು ಇಲ್ಲಿ. ಡಿಸೆಂಬರ್, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ರೇಡಿಯೋದಲ್ಲಿ ಬಂತು. ಬೇಲರ್‌ನವನು ನಾಳೆ ಬೇರೆ ಊರಿಗೆ ಹೋಗಬೇಕು ಅಂದ. ಹೆದರಿ ರಾತ್ರಿ ಒಂಬತ್ತರವರೆಗೂ ಲೈಟ್ ಹಾಕಿಕೊಂಡು ಸುತ್ತಿಸಿದೆ. ಇಬ್ಬನಿ ಬಿದ್ದದ್ದು ಗೊತ್ತಾಗಲೇ ಇಲ್ಲ. ಮಳೆ ಬರಲಿಲ್ಲ. ಆದರೆ ಫೆಬ್ರುವರಿಯಲ್ಲಿ ಬಿಚ್ಚಿದಾಗ ಸಂಜೆ ಆದಮೇಲೆ ಸುತ್ತಿಸಿದ ಅರವತ್ತು ರೋಲ್ ಒಳಗೆಲ್ಲ ಬಿಳಿ ಬೂಷ್ಟು. ಎಲ್ಲ ತಿಪ್ಪೆಗೆ ಹೋಯಿತು.

ಯಂತ್ರ ಕೊಯ್ದ ಭತ್ತದ ಕಡ್ಡಿ ಇನ್ನೂ ಹಸಿರಾಗಿರುತ್ತದೆ. ಒಳ್ಳೆ ಬಿಸಿಲಿದ್ದರೆ ಮೂರು ದಿನ, ಮೋಡ ಇದ್ದರೆ ಐದು ದಿನ ಬೇಕು. ನಡುವೆ ಒಂದು ಸಲ ಸಾಲನ್ನು ತಿರುವಿಹಾಕಿದರೆ ಕೆಳಗಿನದೂ ಒಣಗುತ್ತದೆ. ತೇವಾಂಶ ಶೇ. 15ರ ಒಳಗೆ ಬರಬೇಕು. ಶೇ. 20 ದಾಟಿದರೆ ಬೂಷ್ಟು ಖಂಡಿತ.

ಅಳೆಯಲು ಮೀಟರ್ ಬೇಕಿಲ್ಲ. ಸಾಲಿನ ಕೆಳಗಿನಿಂದ ಒಂದು ಹಿಡಿ ಹುಲ್ಲು ತೆಗೆದು ಎರಡೂ ಕೈಯಲ್ಲಿ ಹಿಂಡಿ ತಿರುಚಿ. ಚಟಪಟ ಅಂತ ಮುರಿದರೆ ಆಯಿತು. ಹಗ್ಗದ ಹಾಗೆ ಬಾಗಿದರೆ ಇನ್ನೂ ಹಸಿ. ಗಿಣ್ಣನ್ನು ಉಗುರಿನಲ್ಲಿ ಒತ್ತಿ ನೋಡಿ, ತೇವ ಕೊನೆಗೆ ಉಳಿಯುವುದು ಅಲ್ಲೇ. ಇನ್ನೊಂದು ಉಪಾಯ ಉಪ್ಪಿನದು. ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ಕತ್ತರಿಸಿದ ಹುಲ್ಲು, ಎರಡು ಚಮಚ ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿದ ಪುಡಿ ಉಪ್ಪು ಹಾಕಿ ಕೆಲವು ನಿಮಿಷ ಕುಲುಕಿ. ಉಪ್ಪು ಗಂಟು ಕಟ್ಟಿದರೆ ಹುಲ್ಲಿನಲ್ಲಿ ನೀರಿದೆ. ಪುಡಿಯಾಗಿಯೇ ಉದುರಿದರೆ ಬೇಲರ್ ಬಿಡಬಹುದು.

ಹೊತ್ತು ಕೂಡ ಮುಖ್ಯ. ಬೆಳಗ್ಗೆ ಹನ್ನೊಂದರವರೆಗೆ ಇಬ್ಬನಿ ಆರಲು ಬಿಡಿ. ಸಂಜೆ ಐದಕ್ಕೆ ನಿಲ್ಲಿಸಿ. "ಇನ್ನೊಂದು ಸಾಲು ಇದೆ ಅಣ್ಣ" ಅಂದರೂ ನಿಲ್ಲಿಸಿ.

ಕೊಳ್ಳುವವರಿಗೂ ಇದೇ ಪರೀಕ್ಷೆ. ತೂಕದ ಮೇಲೆ ಕೊಂಡರೆ ಮೋಸ ಇಲ್ಲ ಅಂದುಕೊಳ್ಳಬೇಡಿ. ಶೇ. 12 ತೇವ ಇರುವ 20 ಕೆಜಿ ರೋಲ್‌ನಲ್ಲಿ 17.6 ಕೆಜಿ ಒಣ ಹುಲ್ಲು. ಶೇ. 25 ಇದ್ದರೆ ಬರೀ 15 ಕೆಜಿ, ಅದೂ ಬೂಷ್ಟು ಹಿಡಿಯಲು ತಯಾರಾಗಿರುವ ಹುಲ್ಲು. ಲೋಡ್ ಬಂದಾಗ ಮೇಲಿನದೊಂದು, ನಡುವಿನದೊಂದು, ತಳದ್ದೊಂದು ರೋಲ್ ಬಿಚ್ಚಿಸಿ ಒಳಗೆ ಕೈ ಹಾಕಿ. ಬೆಚ್ಚಗಿದ್ದರೆ ವಾಪಸ್ ಕಳಿಸಿ.

ಹಸಿರು ಮೇವನ್ನೇ ಒಣಗಿಸಿ ಸುತ್ತಿಸಬಹುದಾ?

ಕೆಲವರು ಕೇಳುತ್ತಾರೆ. ನೇಪಿಯರ್ ಬೇಡ, ಅದರ ದಪ್ಪ ಕಡ್ಡಿ ಒಣಗುವುದರೊಳಗೆ ಎಲೆ ಪುಡಿಯಾಗಿರುತ್ತದೆ. ಅದನ್ನು ಹಸಿಯಾಗಿಯೇ ಹಾಕಿ, ಇಲ್ಲವೇ ಗಾಳಿ ಆಡದಂತೆ ಮುಚ್ಚಿ ಹುಳಿ ಬರಿಸಿ ರಸಮೇವು ಮಾಡಿ. ಸಣ್ಣ ಕಡ್ಡಿಯ ರೋಡ್ಸ್ ಹುಲ್ಲು ಚೆನ್ನಾಗಿ ಒಣಗುತ್ತದೆ. ಹೂ ಬಿಡಲು ಶುರುವಾದಾಗ ಕೊಯ್ಯಬೇಕು. ಅಲಸಂದೆಯಂಥ ದ್ವಿದಳದ ಮೇವಿನ ಸಾರವೆಲ್ಲ ಎಲೆಯಲ್ಲಿ. ಸುಡು ಬಿಸಿಲಲ್ಲಿ ಬೇಲರ್ ಬಿಟ್ಟರೆ ಎಲೆಯೆಲ್ಲ ಉದುರಿ ಕಡ್ಡಿ ಮಾತ್ರ ರೋಲ್‌ಗೆ ಬರುತ್ತದೆ. ಐದಾರು ದನದವರು ಅದನ್ನು ನೆರಳಲ್ಲಿ ಒಣಗಿಸಿ ಕೈಯಲ್ಲೇ ಕಂತೆ ಕಟ್ಟುವುದು ಮೇಲು.

ಎಲ್ಲಿ ಇಡುತ್ತೀರಿ?

ರೋಲ್ ಮಾಡಿಸುವ ತೀರ್ಮಾನವೆಂದರೆ ಚಾವಣಿ ಕಟ್ಟುವ ತೀರ್ಮಾನವೂ ಹೌದು. ಮಿನಿ ರೋಲ್ ಎರಡಡಿ ಅಗಲ, ಮೂರಡಿ ಉದ್ದ ಇರುತ್ತದೆ. ನಡುವಿನ ಸಂದು ಎಲ್ಲ ಸೇರಿ ನಮ್ಮ 445 ರೋಲ್‌ಗೆ ಹೆಚ್ಚುಕಮ್ಮಿ 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಜಾಗ ಬೇಕು. ಹೊಸದಾಗಿ ಶೀಟ್ ಹಾಕಿಸಬೇಕಾದರೆ ಆ ಖರ್ಚನ್ನು ಹತ್ತು ವರ್ಷಕ್ಕೆ ಹಂಚಿ, ಮೇಲಿನ ಕೆಜಿ ಲೆಕ್ಕಕ್ಕೆ ಸೇರಿಸಿ. ಎಷ್ಟೋ ಸಲ ಅಲ್ಲಿಗೆ ಮೆದೆಯೇ ಗೆಲ್ಲುತ್ತದೆ. ಚೌಕದ ಪೆಂಡಿ ಸಿಕ್ಕರೆ ಇಟ್ಟಿಗೆ ಥರ ಜೋಡಿಸಬಹುದು, ಜಾಗ ಉಳಿಯುತ್ತದೆ. ಆದರೆ ಚೌಕದ ಬೇಲರ್ ದೊಡ್ಡ ಯಂತ್ರ, ಚಿಕ್ಕ ಗದ್ದೆಗೆ ಬರುವುದಿಲ್ಲ.

ತಳಕ್ಕೆ ಅಡಿಕೆ ದಬ್ಬೆಯೋ ಹಳೆ ಮರದ ಪಟ್ಟಿಯೋ ಹಾಸಿ. ಗೋಡೆಯಿಂದ ಒಂದಡಿ ಬಿಡಿ. ಕೊಟ್ಟಿಗೆಗೆ, ಒಲೆಗೆ, ಕರೆಂಟ್ ವೈರಿಗೆ ಅಂಟಿಕೊಂಡಂತೆ ಜೋಡಿಸಬೇಡಿ. ತಾರ್ಪಾಲು ಹೊದಿಸುವವರು ಸುತ್ತಲೂ ನೆಲದವರೆಗೆ ಬಿಗಿದು ಕಟ್ಟಬಾರದು. ಒಳಗಿನ ಹಬೆಗೆ ಹೋಗಲು ದಾರಿ ಇಲ್ಲದೆ ಅದೇ ನೀರಾಗಿ ತೊಟ್ಟಿಕ್ಕುತ್ತದೆ.

ಜೋಡಿಸಿದ ಮೊದಲ ಮೂರು ವಾರ ದಿನಾ ಒಂದು ಸಲ ಮೂಸಿ ನೋಡಿ. ಕಬ್ಬಿಣದ ಸರಳೊಂದನ್ನು ನಡುವಿನ ರೋಲ್‌ಗೆ ಚುಚ್ಚಿ ಕಾಲು ಗಂಟೆ ಬಿಟ್ಟು ತೆಗೆಯಿರಿ. ಕೈಯಲ್ಲಿ ಹಿಡಿಯಲಾರದಷ್ಟು ಬಿಸಿ ಇದ್ದರೆ ಒಳಗೆ ಹುಲ್ಲು ಕುದಿಯುತ್ತಿದೆ ಅಂತ ಅರ್ಥ. ಒದ್ದೆ ಹುಲ್ಲು ತಾನಾಗೇ ಹೊತ್ತಿಕೊಳ್ಳುವುದು ಸುಳ್ಳಲ್ಲ. ಆಗ ರೋಲ್‌ಗಳನ್ನು ಬೇರೆ ಬೇರೆ ಮಾಡಬೇಕು. ಆದರೆ ನೀರು ಪಕ್ಕದಲ್ಲಿ ಇಟ್ಟುಕೊಂಡೇ ಕೈ ಹಾಕಿ, ಗಾಳಿ ತಗುಲಿದ ಕೂಡಲೇ ಬೆಂಕಿ ಏಳಬಹುದು.

ತಿನ್ನಿಸುವಾಗ

ದಾರ ಪೂರ್ತಿ ತೆಗೆಯಿರಿ. ಪ್ಲಾಸ್ಟಿಕ್ ದಾರ ಹೊಟ್ಟೆಗೆ ಹೋದರೆ ಅಲ್ಲೇ ಗಂಟಾಗಿ ಕೂರುತ್ತದೆ, ಕರಗುವುದಿಲ್ಲ. ನಮ್ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆದಿದ್ದೇವೆ. ರೋಲ್ ಬಿಚ್ಚಿದವರು ದಾರವನ್ನು ಅದಕ್ಕೆ ಸಿಕ್ಕಿಸಬೇಕು. ಇವತ್ತು ಒಂದು ರೋಲ್ ಬಿಚ್ಚಿ ಮೊಳೆಗೆ ದಾರ ಬರಲಿಲ್ಲ ಅಂದರೆ ಗೋದಲಿ ಹುಡುಕುತ್ತೇವೆ. ಸಣಬಿನ ದಾರ ಸಿಕ್ಕರೆ ಒಳ್ಳೆಯದು, ಆದರೆ ಇಲಿ ಬಿಡುವುದಿಲ್ಲ.

ಬೂಷ್ಟು ಹಿಡಿದ ಹುಲ್ಲನ್ನು ಒಣಗಿಸಿ ಹಾಕೋಣ, ಉಪ್ಪುನೀರು ಚಿಮುಕಿಸಿ ಹಾಕೋಣ ಅನ್ನುವ ಯೋಚನೆ ಬೇಡ. ಬೂಷ್ಟಿನ ವಿಷ ಒಣಗಿಸಿದರೆ ಹೋಗುವುದಿಲ್ಲ. ಹಾಲಿಗೂ ಇಳಿಯುತ್ತದೆ. ಗಬ್ಬದ ಹಸುವಿಗೆ ಇನ್ನೂ ಕೆಟ್ಟದ್ದು.

ಯಂತ್ರ ಕೊಯ್ದ ಭತ್ತದ ಹುಲ್ಲನ್ನು ದನ ಅರ್ಧ ತಿಂದು ಅರ್ಧ ಬಿಡುತ್ತಿದ್ದರೆ ಯೂರಿಯಾ ಉಪಚಾರ ಮಾಡಬಹುದು. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, 50ರಿಂದ 60 ಲೀಟರ್ ನೀರು. ರೋಲ್ ಬಿಚ್ಚಿ ಪದರ ಪದರವಾಗಿ ಹರಡಿ, ಸಮನಾಗಿ ಚಿಮುಕಿಸಿ, ತುಳಿದು, ಗಾಳಿ ಆಡದಂತೆ ಪ್ಲಾಸ್ಟಿಕ್ ಮುಚ್ಚಿ 21 ದಿನ ಬಿಡಬೇಕು. ತೆಗೆದ ಮೇಲೆ ಘಾಟು ಹೋಗುವ ತನಕ ಗಾಳಿಗೆ ಹರಡಿ ಆಮೇಲೆ ಹಾಕಿ. ಆರು ತಿಂಗಳೊಳಗಿನ ಕರುವಿಗೆ ಕೊಡಬಾರದು. ಅಳತೆ ಕಣ್ಣಂದಾಜಿಗೆ ಬಿಡಬಾರದು. ಯೂರಿಯಾ ಚೀಲ, ಕಲಸಿದ ಬಕೆಟ್ ದನದ ಬಾಯಿಗೆ ಸಿಗುವಂತೆ ಇಡಲೇಬಾರದು, ಜೀವ ಹೋಗುತ್ತದೆ. ಮೊದಲ ಸಲ ಮಾಡುವಾಗ ಊರಿನ ಪಶುವೈದ್ಯರನ್ನು ಕರೆದು ತೋರಿಸಿಕೊಂಡು ಮಾಡಿ.

ಇನ್ನು ಯಾವುದನ್ನು ಮೊದಲು ಬಿಚ್ಚಬೇಕು ಅನ್ನೋ ಪ್ರಶ್ನೆ. ನಾವು ಕೊಂಡು ತಂದ ರೋಲ್‌ಗಳನ್ನು ಜನವರಿಯಿಂದಲೇ ಶುರು ಮಾಡುತ್ತೇವೆ, ಅವುಗಳ ಒಳಗೇನಿದೆ ಅಂತ ನಮಗೆ ಗೊತ್ತಿರುವುದಿಲ್ಲ. ಆಮೇಲೆ ನಮ್ಮ ಭತ್ತದ ರೋಲ್. ರಾಗಿ ಮೆದೆಗೆ ಕೈ ಹಾಕುವುದು ಏಪ್ರಿಲ್ ಕಳೆದ ಮೇಲೆ. ಮುಂಗಾರು ತಡವಾದರೂ ಅದಕ್ಕೆ ಏನೂ ಆಗುವುದಿಲ್ಲ.